ನ್ಯಾಸ್ ಬಾಕ್ಸ್ ಸತ್ತಿದೆ, ನಾಲ್ಕು ಡ್ರೈವ್ ಕೈಲಿದೆ: ಅಪ್ಪನ ಯಕ್ಷಗಾನ ರೆಕಾರ್ಡಿಂಗ್ ವಾಪಸ್ ತೆಗೆಯೋದು ಹೇಗೆ?

ಶಿರಸಿ_ಮಳೆ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಗಾಬರಿಲಿ ಬರೀತಿದೀನಿ, ಹೆಚ್ಚುಕಮ್ಮಿ ಇದ್ರೆ ಕ್ಷಮಿಸಿ. ನಮ್ಮನೆ ಶಿರಸಿ ಹತ್ರ. ಶುಕ್ರವಾರ ಸಂಜೆ ಮಳೆ ಶುರುವಾಗೋಕೆ ಮುಂಚೆ ಒಂದು ಸಿಡಿಲು ಹೊಡೀತು, ಕರೆಂಟು ಹೋಯ್ತು, ಬಂತು, ಮತ್ತೆ ಹೋಯ್ತು, ಅವತ್ತಿಂದ ನಮ್ಮ ನಾಲ್ಕು ಡ್ರೈವಿನ ನ್ಯಾಸ್ ಬಾಕ್ಸ್ (ಮನೆ ನೆಟ್ ವರ್ಕಿಗೆ ಹಾಕಿ ಫೈಲ್ ಇಡೋ ಡಬ್ಬ) ಏಳ್ತಾ ಇಲ್ಲ. ಬಟನ್ ಒತ್ತಿದ್ರೆ ಫ್ಯಾನ್ ಅರ್ಧ ಸುತ್ತು ತಿರುಗುತ್ತೆ, ಲೈಟ್ ಒಂದ್ಸಲ ಮಿನುಗುತ್ತೆ, ಅಷ್ಟೇ. ಒಳಗೆ 4 ಟಿಬಿದು ನಾಲ್ಕು ಡ್ರೈವ್ ಇದೆ, ರೇಡ್ 5 (ಒಂದು ಡ್ರೈವ್ ಹೋದ್ರೂ ಫೈಲ್ ಉಳಿಯೋ ಹಾಗೆ ಎಲ್ಲಾ ಡ್ರೈವ್ ಕೂಡಿಸೋದು) ಮಾಡಿದ್ವಿ ಅಂತ ನೆನಪು, ತಮ್ಮ ಸೆಟಪ್ ಮಾಡಿ ಕೊಟ್ಟಿದ್ದ.

ಅದರಲ್ಲಿ ಇರೋದು ಅಪ್ಪನ ಇಡೀ ಜೀವಮಾನದ ಕೆಲಸ. ಅಪ್ಪ ವಯಸ್ಸಿನಲ್ಲಿ ಆಟ ಎಲ್ಲಿದ್ರೂ ಟೇಪ್ ರೆಕಾರ್ಡರ್ ಹೊತ್ಕೊಂಡು ಹೋಗ್ತಿದ್ರು, ರಾತ್ರಿಯಿಡೀ ಚೌಕಿ ಪಕ್ಕ ಕೂತು ಕ್ಯಾಸೆಟ್ ತಿರುಗಿಸಿ ಹಾಕಿ ರೆಕಾರ್ಡ್ ಮಾಡಿದ್ದು. ಭಾಗವತರಾದ ಕಾಳಿಂಗ ನಾವಡರ ಪದ್ಯಗಳೇ ಸುಮಾರಿದೆ. ಅವರು 1990ರಲ್ಲೇ ಹೋಗ್ಬಿಟ್ರಲ್ಲ, ಇನ್ನು ಹೊಸದು ಎಲ್ಲಿಂದ ಬರುತ್ತೆ. ಆಮೇಲೆ ಮಿನಿ ಡಿವಿ ಕ್ಯಾಮೆರಾದಲ್ಲಿ ತೆಗೆದ ತಾಳಮದ್ದಳೆ, ಮನೆ ಮದುವೆ, ಅಜ್ಜಿ ಮಾತಾಡಿದ್ದು. ಮೂರು ವರ್ಷ ಕೂತು ನಾನೇ ಒಂದೊಂದು ಕ್ಯಾಸೆಟ್ ಕಂಪ್ಯೂಟರಿಗೆ ಹಾಕಿದ್ದೆ. ಎಷ್ಟೋ ಕ್ಯಾಸೆಟ್ ಬೂಸ್ಟು ಹಿಡಿದು ಎಸೆದೂ ಆಯ್ತು, ಕಂಪ್ಯೂಟರಲ್ಲಿದೆಯಲ್ಲ ಅನ್ನೋ ಧೈರ್ಯದಲ್ಲಿ.

ಡ್ರೈವ್ ಹೊರಗೆ ತೆಗೆದು ಲ್ಯಾಪ್ ಟಾಪಿಗೆ ಹಾಕಿದ್ರೆ ಫೋಟೋ ಕಾಪಿ ಮಾಡ್ಕೊಂಡ ಹಾಗೆ ಮಾಡ್ಕೋಬಹುದಾ? ಒಂದನ್ನ ಯುಎಸ್ ಬಿ ಡಾಕಿಗೆ ಹಾಕಿದೆ, ವಿಂಡೋಸ್ "ಡಿಸ್ಕ್ ಫಾರ್ಮ್ಯಾಟ್ ಮಾಡ್ಬೇಕು" ಅಂತ ಕೇಳ್ತು, ಹೆದರಿ ತೆಗೆದ್ಬಿಟ್ಟೆ.

ಕರಾವಳಿ_ಕೇಬಲ್ · ಸೋಮವಾರ ರಾತ್ರಿ

ತೆಗೆದದ್ದು ಬಹಳ ಒಳ್ಳೇದಾಯ್ತು ಮೇಡಂ, ಇನ್ನು ವಿಂಡೋಸಿಗೆ ಅದನ್ನು ತೋರಿಸ್ಲೇ ಬೇಡಿ. ಆ ಬಾಕ್ಸ್ ಒಳಗೆ ಲಿನಕ್ಸ್ ಉಂಟು, ವಿಂಡೋಸಿಗೆ ಆ ಭಾಷೆ ಗೊತ್ತಿಲ್ಲ, ಹಾಗಾಗಿ ಖಾಲಿ ಡಿಸ್ಕ್ ಅಂತ ತಿಳ್ಕೊಂಡು ಫಾರ್ಮ್ಯಾಟ್ ಕೇಳೋದು.

ಮೊದಲು ಅಡಾಪ್ಟರ್ ನೋಡಿ ಮಾರಾಯ್ರೆ. ಸಿಡಿಲಿಗೆ ಮೊದಲು ಹೋಗೋದೇ ಅದು. ಮಲ್ಟಿಮೀಟರ್ ಹಿಡಿದ್ರೆ 12 ವೋಲ್ಟ್ ತೋರಿಸ್ಬಹುದು, ಆದ್ರೆ ನಾಲ್ಕು ಡ್ರೈವ್ ಒಟ್ಟಿಗೆ ತಿರುಗ್ಲಿಕ್ಕೆ ಹೊರಟಾಗ ಕರೆಂಟ್ ಸಾಕಾಗದೆ ಕುಸಿಯುತ್ತೆ, ನೀವು ಹೇಳಿದ ಹಾಗೆ ಫ್ಯಾನ್ ಅರ್ಧ ಸುತ್ತಿಗೆ ನಿಲ್ಲುತ್ತೆ. ಡ್ರೈವ್ ಎಲ್ಲ ತೆಗೆದು ಖಾಲಿ ಬಾಕ್ಸ್ ಮಾತ್ರ ಆನ್ ಮಾಡಿ ನೋಡಿ. ತೆಗೆಯೋ ಮುಂಚೆ ಪ್ರತಿ ಡ್ರೈವಿನ ಮೇಲೆ ಎಷ್ಟನೇ ಸ್ಲಾಟ್ ಅಂತ ಮಾರ್ಕರಲ್ಲಿ 1, 2, 3, 4 ಬರೀರಿ, ಸೀರಿಯಲ್ ನಂಬರ್ ಫೋಟೋ ತೆಗೀರಿ. ಇದು ಬಿಟ್ಟು ಬೇರೆ ಎಂತದೂ ಇವತ್ತು ಮಾಡ್ಬೇಡಿ.

ಜಯನಗರ_4ನೇ_ಬ್ಲಾಕ್ · ಸೋಮವಾರ ರಾತ್ರಿ

ಯಾಕಿಷ್ಟು ತಲೆಬಿಸಿ, ಅದೇ ಕಂಪನಿ ಹೊಸ ಬಾಕ್ಸ್ ತಗೊಳ್ಳಿ, ಅದೇ ಆರ್ಡರಲ್ಲಿ ಡ್ರೈವ್ ಹಾಕಿ, ತಾನೇ ಗುರುತಿಸುತ್ತೆ. ನಾನು ಎರಡು ಸಲ ಮಾಡಿದೀನಿ, ಹತ್ತು ನಿಮಿಷದ ಕೆಲಸ. ಯಾವ್ದಾದ್ರೂ ಡ್ರೈವ್ ಹೋಗಿದ್ರೆ ಅದನ್ನ ಒಂದು ರಾತ್ರಿ ಫ್ರಿಜ್ಜಲ್ಲಿಡಿ, ಎದ್ದು ಬರುತ್ತೆ.

ಮೈಸೂರು_ಫೋಟೋ · ಸೋಮವಾರ ರಾತ್ರಿ

ಮೇಡಂ, ದಯವಿಟ್ಟು ಇದನ್ನ ಓದಿ ಆಮೇಲೆ ಬಾಕ್ಸ್ ತಗೊಳ್ಳಿ. ನಾನು ಮದುವೆ ಫೋಟೋಗ್ರಾಫರ್, ನಂದೂ ಇದೇ ಥರ ನಾಲ್ಕು ಡ್ರೈವ್, ಬಾಕ್ಸ್ ಹೋಯ್ತು, ಸೀಸನ್ ಟೈಮು, ಪಾರ್ಟಿಗಳು ಆಲ್ಬಂಗೆ ದಿನಾ ಫೋನ್ ಮಾಡ್ತಿದ್ರು, ಆ ಅವಸರದಲ್ಲಿ ಅಂಗಡೀಲಿ ಸಿಕ್ಕಿದ ಬೇರೆ ಕಂಪನಿ ಬಾಕ್ಸ್ ತಂದು ಡ್ರೈವ್ ಹಾಕ್ದೆ. ಪರದೆ ಮೇಲೆ ಸೆಟಪ್ ಬಂತು, ಮುಂದೆ ಮುಂದೆ ಅಂತ ಒತ್ತುತ್ತಾ ಹೋದೆ, ಒಂದು ಕಡೆ "ಇನಿಷಿಯಲೈಸ್" ಅಂತಿತ್ತು, ಅದನ್ನೂ ಒತ್ತಿದೆ. ಎರಡು ನಿಮಿಷದಲ್ಲಿ ಹೊಸ ಖಾಲಿ ಫೋಲ್ಡರ್ ತೋರಿಸ್ತು. ಆ ಖಾಲಿ ಫೋಲ್ಡರ್ ನೋಡಿದಾಗ ಆದ ಸಂಕಟ ಇವತ್ತಿಗೂ ಹೋಗಿಲ್ಲ.

ಆಮೇಲೆ ಫೋಟೋರೆಕ್ ಹಾಕಿ ಒಂದಿಷ್ಟು ವಾಪಸ್ ಬಂತು. ಅದು ಫೈಲಿನ ಶುರುವಿನ ಗುರುತು ನೋಡಿ ಹೆಕ್ಕೋ ಸಾಫ್ಟ್ ವೇರು, ಹಾಗಾಗಿ ಫೋಲ್ಡರ್ ಇಲ್ಲ, ಹೆಸರಿಲ್ಲ, ಬರೀ ನಂಬರಿನ ಸಾವಿರಾರು ಜೆಪೆಗ್. ವಿಡಿಯೋ ಅಂತೂ ದೊಡ್ಡ ಫೈಲಾದ್ರಿಂದ ಡಿಸ್ಕಲ್ಲಿ ತುಂಡುತುಂಡಾಗಿ ಕೂತಿರುತ್ತೆ, ಒಂದೂ ಪೂರ್ತಿ ಬರಲಿಲ್ಲ. ಮೂರು ಮನೆಯವರ ಮುಹೂರ್ತದ ವಿಡಿಯೋ ಕಳೆದೆ.

ಫ್ರಿಜ್ ಮಾತು ದಯವಿಟ್ಟು ಕೇಳ್ಬೇಡಿ. ಹೊರಗೆ ತೆಗೆದ ಕೂಡ್ಲೇ ಒಳಗೆ ನೀರು ಕೂರುತ್ತೆ, ನಿಮ್ಮೂರ ತೇವದಲ್ಲಿ ಇನ್ನೂ ಬೇಗ.

ಹುಬ್ಬಳ್ಳಿ_ಸರ್ವರ್ · ಮಂಗಳವಾರ ಬೆಳಗ್ಗೆ

ಅಕ್ಕಾರ, ಧೈರ್ಯ ತಗೋರಿ. ಬಾಕ್ಸ್ ಸತ್ತೈತಿ ಅಂದ್ರ ಡೇಟಾ ಸತ್ತೈತಿ ಅಂತಲ್ಲ. ಮನೀಗೆ ತರೋ ನ್ಯಾಸ್ ಬಾಕ್ಸ್ ಬಹುತೇಕ ಎಲ್ಲಾ ಒಳಗ ಬಳಸೋದು ಲಿನಕ್ಸಿನ ಸಾಫ್ಟ್ ವೇರ್ ರೇಡ್, ಎಂಡಿಎಡಿಎಂ ಅಂತಾರ. ಅದರ ಲೆಕ್ಕಪತ್ರ ಬಾಕ್ಸಿನ್ಯಾಗ ಇರಂಗಿಲ್ಲ, ಪ್ರತಿ ಡ್ರೈವಿನ ಮ್ಯಾಲನ ಬರದಿಟ್ಟಿರತೈತಿ: ನಾನು ಯಾವ ಗುಂಪಿನಾಂವ, ಎಷ್ಟನೇದಾಂವ, ಕಡೀಕ ಯಾವಾಗ ಬರದೀನಿ. ಅದಕ ಯಾವುದ ಸಾದಾ ಡೆಸ್ಕ್ ಟಾಪಿಗೆ ನಾಲ್ಕೂ ಡ್ರೈವ್ ಸಾಟಾ ಕೇಬಲ್ಲಿಂದ ಜೋಡಿಸಿ ಉಬುಂಟು ಪೆನ್ ಡ್ರೈವಿಂದ ಬೂಟ್ ಮಾಡಿದ್ರ ಓದಾಕ ಬರತೈತಿ. ಡೆಸ್ಕ್ ಟಾಪಿನ ಸ್ವಂತ ಹಾರ್ಡ್ ಡಿಸ್ಕ್ ಬಿಚ್ಚಿ ಇಡ್ರಿ, ಗೊಂದಲ ಬ್ಯಾಡ. ಯುಎಸ್ ಬಿ ಡಾಕ್ ಬ್ಯಾಡ, ಕೆಲವು ಡಾಕ್ ಸೆಕ್ಟರ್ (ಡಿಸ್ಕಿನ ಸಣ್ಣ ತುಂಡು) ಸೈಜ್ ಬದಲು ಮಾಡಿ ತೋರಸ್ತಾವ, ಆಗ ಪಾರ್ಟಿಷನ್ನ ಕಾಣಂಗಿಲ್ಲ.

ಜಯನಗರದವರು ಹೇಳಿದ್ದು ಸುಳ್ಳಲ್ಲ, ನಾಲ್ಕೂ ಡ್ರೈವ್ ಗಟ್ಟಿ ಇದ್ದಾಗ ಅದ ಸರಳ ದಾರಿ. ಆದ್ರ ಗಟ್ಟಿ ಅದಾವೋ ಇಲ್ಲೋ ನಮಗ ಗೊತ್ತಿಲ್ಲ. ಹೊಸ ಬಾಕ್ಸಿಗೆ ಹಾಕಿದ ಕೂಡಲೇ ರಿಪೇರಿ ಶುರು ಆತಂದ್ರ ಸೋತ ಡ್ರೈವ್ ನಡುವ ಕೈ ಕೊಡತೈತಿ. ಮೊದಲು ನಾಡಿ ನೋಡೋಣ.

ಉಬುಂಟು ಬಂದ ಮ್ಯಾಲ ಎಂಡಿಎಡಿಎಂ, ಎಲ್ ವಿಎಂ2, ಸ್ಮಾರ್ಟ್ ಮಾನ್ ಟೂಲ್ಸ್ ಇನ್ ಸ್ಟಾಲ್ ಮಾಡ್ರಿ. ಉಬುಂಟು ತಾನ ರೇಡ್ ಎಬ್ಬಿಸಿದ್ರ, ಎಂಡಿ127 ಅಂತೇನರ ಕಾಣಿಸಿದ್ರ, ಮೊದಲು ಅದನ್ನ ಸ್ಟಾಪ್ ಮಾಡ್ರಿ. ಆಮ್ಯಾಲ ಎರಡ ಎರಡು ಕೆಲಸ. ಸ್ಮಾರ್ಟ್ ಸಿಟಿಎಲ್ (ಡ್ರೈವಿನ ಆರೋಗ್ಯದ ವರದಿ ತೋರಸತೈತಿ) ಕೊಟ್ಟು ಪ್ರತಿ ಡ್ರೈವಿನ 5, 197, 198ನೇ ಸಾಲು ನೋಡ್ರಿ, ಕೆಟ್ಟ ಸೆಕ್ಟರಿನ ಲೆಕ್ಕ ಅಲ್ಲಿರತೈತಿ. ಎಂಡಿಎಡಿಎಂ ಎಕ್ಸಾಮಿನ್ ಕೊಟ್ಟು ಪ್ರತಿ ಡ್ರೈವಿನ ದೊಡ್ಡ ಪಾರ್ಟಿಷನ್ ನೋಡ್ರಿ (ಸಣ್ಣವು ಎರಡು ಬಾಕ್ಸಿನ ಸಿಸ್ಟಂದು, ಅವನ್ನ ಬಿಡ್ರಿ). ಪರದೆ ಫೋಟೋ ಹೊಡದು ಇಲ್ಲಿ ಹಾಕ್ರಿ. ಎರಡೂ ಬರೇ ಓದತಾವ, ಏನೂ ಬರಿಯಂಗಿಲ್ಲ.

ಒಂದು ಮಾತು ಗಟ್ಟಿ ನೆನಪಿಡ್ರಿ: ಯಾವ ವಿಡಿಯೋದಾಗ ಯಾರ ಹೇಳಿದ್ರೂ ಎಂಡಿಎಡಿಎಂ ಕ್ರಿಯೇಟ್ ಅಂತ ಕೊಡಬ್ಯಾಡ್ರಿ. ಅದು ಹಳೇ ಲೆಕ್ಕಪತ್ರ ಅಳಿಸಿ ಹೊಸಾದು ಬರಿತೈತಿ. ನಮಗ ಬೇಕಾದ್ದು ಅಸೆಂಬಲ್, ಇದ್ದ ಲೆಕ್ಕಪತ್ರ ಓದಿ ಜೋಡಿಸೋದು. ಡ್ರೈವ್ ಟಕ್ ಟಕ್ ಅಂತ ಸಪ್ಪಳ ಮಾಡಿದ್ರ ತಕ್ಷಣ ಕರೆಂಟ್ ತಗೀರಿ, ಅದು ಲ್ಯಾಬಿನ ಕೆಲಸ, ಮನೀದಲ್ಲ.

ಶಿರಸಿ_ಮಳೆ · ಮಂಗಳವಾರ ರಾತ್ರಿ

ಅಡಾಪ್ಟರ್ ಪಕ್ಕದ ಅಂಗಡಿಯವರ ಹತ್ರ ಅದೇ ರೇಟಿಂಗಿಂದು ಇಸ್ಕೊಂಡು ಬಂದು ಹಾಕಿ ನೋಡಿದೆ, ಡ್ರೈವ್ ತೆಗೆದೂ ನೋಡಿದೆ, ಬಾಕ್ಸ್ ಏಳಲಿಲ್ಲ. ಬೋರ್ಡೇ ಹೋಗಿದೆ.

ತಮ್ಮನ ಹಳೇ ಡೆಸ್ಕ್ ಟಾಪಲ್ಲಿ ನಾಲ್ಕು ಸಾಟಾ ಇತ್ತು, ನಾಲ್ಕೂ ಜೋಡಿಸಿದೆ. ಸಪ್ಪಳ ಏನಿಲ್ಲ, ಎಲ್ಲಾ ಕಾಣಿಸ್ತಿದೆ. ಫೋಟೋ ಮಸುಕಾಗಿದೆ, ನೋಡಿದ್ದನ್ನೇ ಬರೀತೀನಿ.

ಸ್ಮಾರ್ಟ್: 1 ಮತ್ತು 4ರಲ್ಲಿ ಮೂರೂ ಸಾಲು ಸೊನ್ನೆ. 3ರಲ್ಲಿ 5ನೇ ಸಾಲು 16, ಉಳಿದದ್ದು ಸೊನ್ನೆ. 2ರಲ್ಲಿ 5ನೇ ಸಾಲು 40, 197ನೇದು 184.

ಎಕ್ಸಾಮಿನ್: ನಾಲ್ಕರಲ್ಲೂ ರೇಡ್ 5, ಅರೇ ಯುಯುಐಡಿ (ಗುಂಪಿನ ಗುರುತು) ಒಂದೇ. 1, 2, 4ರಲ್ಲಿ ಈವೆಂಟ್ಸ್ 61482, ಅಪ್ ಡೇಟ್ ಟೈಮ್ ಶುಕ್ರವಾರ ಸಂಜೆ. ಆದ್ರೆ 3ರಲ್ಲಿ ಈವೆಂಟ್ಸ್ 52907, ಅಪ್ ಡೇಟ್ ಟೈಮ್ ಫೆಬ್ರವರಿ! ಅರೇ ಸ್ಟೇಟ್ ಅಂತ ಕೊನೇಲಿ ಇದೆಯಲ್ಲ, 1, 2, 4ರಲ್ಲಿ "ಎ ಎ ಚುಕ್ಕೆ ಎ" ಅಂತಿದೆ, 3ರಲ್ಲಿ ಮಾತ್ರ "ಎ ಎ ಎ ಎ" ನಾಲ್ಕೂ ಇದೆ. ಹಾಗಾದ್ರೆ 3ನೇದೇ ಸರಿಯಾಗಿರೋದಾ?

ಫೆಬ್ರವರಿಲಿ ಬಾಕ್ಸ್ ಬೀಪ್ ಬೀಪ್ ಅಂತಿತ್ತು, ಅಮ್ಮಂಗೆ ನಿದ್ದೆ ಬರಲ್ಲ ಅಂತ ಸೌಂಡ್ ಆಫ್ ಮಾಡಿದ್ವಿ. ಫೈಲೆಲ್ಲ ತೆರೀತಿತ್ತು, ಏನೂ ಆಗಿಲ್ಲ ಅಂದ್ಕೊಂಡ್ವಿ.

ಹುಬ್ಬಳ್ಳಿ_ಸರ್ವರ್ · ಮಂಗಳವಾರ ರಾತ್ರಿ

ಅಕ್ಕಾರ, ನೀವು ಚುಕ್ಕಿ ಸಮೇತ ಬರದು ಕೊಟ್ಟಿದ್ದು ಭಾಳ ಛಲೋ ಆತು, ಇಡೀ ಕಥಿ ಅದರಾಗ ಐತಿ. ಈವೆಂಟ್ಸ್ ಅಂದ್ರ ಗುಂಪಿನ್ಯಾಗ ಆದ ಬದಲಾವಣಿ ಎಣಿಕಿ, 3ರದು ಹಿಂದ ಉಳದೈತಿ. ಅಂದ್ರ 3ನೇ ಡ್ರೈವ್ ಫೆಬ್ರವರಿಯೊಳಗ ಗುಂಪಿನಿಂದ ಹೊರಗ ಬಿದ್ದೈತಿ. ಉಳಿದ ಮೂರಕ್ಕ ಅದು ಗೊತ್ತು, ಅದಕ ಅವು ಅದರ ಜಾಗಾದಾಗ ಚುಕ್ಕಿ ಹಾಕ್ಯಾವ. ಹೊರಗ ಬಿದ್ದಾಂವಗ ಸುದ್ದಿ ಹೇಳಾವ್ರಿಲ್ಲ, ಅಂವ ಇನ್ನೂ ನಾಲ್ಕೂ ಮಂದಿ ಕೂಡಿ ಅದೀವಿ ಅಂತ ತಿಳಕೊಂಡಾನ. ಅದಕ 3ನೇದು ಸರಿ ಅಲ್ಲ, ಅದು ಹಳೇದು. ಅದನ್ನ ಒತ್ತಾಯಕ್ಕ ಸೇರಿಸಿದ್ರ ಫೆಬ್ರವರಿ ತುಂಡು, ಮೇ ತುಂಡು ಕಲಸಿ ಫೈಲ್ ಸಿಸ್ಟಂ ಹಾಳಾಕ್ಕೈತಿ. ತಗದು ಕಾಗದದಾಗ ಸುತ್ತಿ ಬ್ಯಾರೆ ಇಡ್ರಿ. ಎಸಿಬ್ಯಾಡ್ರಿ, ಫೆಬ್ರವರಿ ಮುಂಚಿನ ತುಂಡು ಅದರಾಗ ಅದಾವ, ಮುಂದ ಬೇಕಾದೀತು.

ರೇಡ್ 5ಕ್ಕ ಒಂದು ಡ್ರೈವ್ ಇಲ್ಲದಿದ್ರೂ ನಡೀತೈತಿ, ಎರಡು ಇಲ್ಲಂದ್ರ ನಡಿಯಂಗಿಲ್ಲ. ಈಗ ನಿಮಗ ಉಳಿದಿದ್ದು ಮೂರ, ಅದರಾಗ 2ನೇದಕ್ಕ 184 ಸೆಕ್ಟರ್ ಓದಾಕ ಆಗವಲ್ದು. ಅಂದ್ರ ಮೂರು ಕಾಲಿನ ಮಣಿ ಮ್ಯಾಲ ಕುಂತೀವಿ, ಒಂದು ಕಾಲಿಗೆ ಹುಳ ಹತ್ತೇತಿ. ನಿನ್ನೆ ಹೊಸ ಬಾಕ್ಸಿಗೆ ಹಾಕಿ ರಿಪೇರಿ ಒತ್ತಿದ್ರ 2ನೇದನ್ನ ತುದಿಯಿಂದ ತುದಿಗೆ ಓದಿಸಿ ಅಲ್ಲೇ ಮುಗಿಸಿಬಿಡ್ತಿತ್ತು.

ಅದಕ ಮೊದಲ ಕೆಲಸ, 2ನೇದರ ಪೂರ್ತಿ ಪ್ರತಿ ತಗಿಯೋದು. ಹೊಸಾ 4 ಟಿಬಿ ಡ್ರೈವ್ ತರ್ರಿ. ಯಾವ ಕಂಪನಿದಾದ್ರೂ 4 ಟಿಬಿ ಅಂದ್ರ ಸಾಮಾನ್ಯ 7,814,037,168 ಸೆಕ್ಟರ್ ಇರತಾವ, ಆದ್ರೂ ಹಚ್ಚಿದ ಮ್ಯಾಲ ಎರಡೂ ನಂಬರ್ ತಾಳೆ ನೋಡ್ರಿ, ಒಂದು ಸೆಕ್ಟರ್ ಕಡಿಮಿ ಇದ್ರೂ ನಡಿಯಂಗಿಲ್ಲ. ಸಾಫ್ಟ್ ವೇರ್ ಡಿಡಿ ರೆಸ್ಕ್ಯೂ, ಉಬುಂಟುದಾಗ ಪ್ಯಾಕೇಜ್ ಹೆಸರು ಜಿಡಿಡಿ ರೆಸ್ಕ್ಯೂ. ಮೊದಲ ಸುತ್ತು ಮೈನಸ್ ಎನ್ ಕೊಡ್ರಿ, ಹಟ ಮಾಡೋ ಜಾಗಾ ದಾಟಿ ಸುಲಭಕ್ಕ ಸಿಗೋದನ್ನ ಬಾಚಿಕೊಂಡು ಹೋಗತೈತಿ. ಎರಡನೇ ಸುತ್ತು ಮೈನಸ್ ಆರ್ 3, ಬಿಟ್ಟ ಜಾಗಾಕ್ಕ ಮೂರು ಸಲ ಕೈ ಹಾಕತೈತಿ. ಎಲ್ಲೀತನಕ ಓದೈತಿ ಅಂತ ಬರದಿಡೋ ಮ್ಯಾಪ್ ಫೈಲನ್ನ ಬ್ಯಾರೆ ಪೆನ್ ಡ್ರೈವಿನ್ಯಾಗ ಇಡ್ರಿ. ಲೈವ್ ಉಬುಂಟು ಎಲ್ಲಾ ರ‍್ಯಾಮಿನ್ಯಾಗ ಇರತೈತಿ, ಕರೆಂಟ್ ಹೋದ್ರ ಮ್ಯಾಪ್ ಹೋತು, ಮ್ಯಾಪ್ ಇದ್ರ ಬಿಟ್ಟಲ್ಲಿಂದ ಶುರು.

ಎಲ್ಲಿಂದ ಎಲ್ಲಿಗೆ ಅನ್ನೋದನ್ನ ಸೀರಿಯಲ್ ನಂಬರ್ ನೋಡಿ ಬರೀರಿ, ಎಸ್ ಡಿಬಿ, ಎಸ್ ಡಿಸಿ ಅನ್ನೋ ಹೆಸರು ನಂಬಬ್ಯಾಡ್ರಿ, ಪ್ರತಿ ಬೂಟಿಗೆ ಅದಲಬದಲ ಆಕ್ಕಾವ. ಎಂಟರ್ ಒತ್ತೋ ಮುಂದ ತಮ್ಮನ್ನ ಬಾಜೂ ಕುಂಡ್ರಿಸಿ ಗಟ್ಟಿಯಾಗಿ ಓದಸ್ರಿ.

ಡಬ್ಲಿನ್_ಕನ್ನಡಿಗ · ಬುಧವಾರ

ಅಕ್ಕ, ನಾನೂ ಕುಮಟಾ ಕಡೆಯವನೇ, ನಿಮ್ಮ ಪೋಸ್ಟ್ ಓದಿ ರಾತ್ರಿ ನಿದ್ದೆ ಬರಲಿಲ್ಲ. ಎರಡು ವಿಷಯ ಸೇರಿಸ್ತೀನಿ.

ಹೊಸ ಡ್ರೈವ್ ತಗೊಳ್ಳುವಾಗ ಸಿಎಂಆರ್ (ಟ್ರ್ಯಾಕ್ ಒಂದರ ಮೇಲೊಂದು ಬೀಳದ ಹಾಗೆ ಬರೆಯೋ ನಮೂನೆ) ಅಂತ ಕೇಳಿ ತಗೊಳ್ಳಿ. ಎಸ್ಎಂಆರ್ ಅನ್ನೋದು ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಟ್ರ್ಯಾಕ್ ಬರೆಯೋ ನಮೂನೆ, ಒಂದೇ ಸಮ ಬರೆಸಿದ್ರೆ ಮಧ್ಯೆ ವಿಪರೀತ ನಿಧಾನ ಆಗುತ್ತೆ. 2020ರಲ್ಲಿ ನ್ಯಾಸ್ ಡ್ರೈವ್ ಅಂತ ಮಾರಿದ್ದರಲ್ಲೇ ಹೇಳದೆ ಇದನ್ನ ಹಾಕಿದ್ದು ಹೊರಗೆ ಬಂದು ದೊಡ್ಡ ಗಲಾಟೆ ಆಗಿತ್ತು.

ಇನ್ನೊಂದು, ಪ್ರತಿ ತೆಗೆದ ಮೇಲೆ ಅಸಲಿ 2 ಮತ್ತು ಅದರ ಪ್ರತಿ ಎರಡನ್ನೂ ಒಟ್ಟಿಗೆ ಮೆಷಿನ್ನಿಗೆ ಹಾಕ್ಬೇಡಿ. ಎರಡರ ಮೇಲೂ ಒಂದೇ ಗುರುತು ಇರುತ್ತೆ, ಲಿನಕ್ಸಿಗೆ ಯಾವುದು ಯಾವುದು ಅಂತ ತಿಳಿಯಲ್ಲ.

ಇದನ್ನ ಮುಂದೆ ಓದೋರಿಗೆ: ಬಾಕ್ಸಲ್ಲಿ ಇಂಟೆಲ್ ಅಟಾಮ್ ಸಿ2000 ಸರಣಿ ಚಿಪ್ ಇದ್ರೆ, ಅದರ ಕ್ಲಾಕ್ ಸಿಗ್ನಲ್ ನಿಂತು ಮೆಷಿನ್ ಏಳದೇ ಹೋಗೋ ದೋಷ ಇದೆ, 2017ರಲ್ಲಿ ಇಂಟೆಲ್ ತನ್ನ ದಾಖಲೇಲೇ ಬರೆದಿದೆ. ಬೋರ್ಡಿಗೆ ಒಂದು 100 ಓಮ್ ರೆಸಿಸ್ಟರ್ ಬೆಸುಗೆ ಹಾಕಿ ಎಬ್ಬಿಸಿದವರು ಎಷ್ಟೋ ಜನ ಇದ್ದಾರೆ.

ಶಿರಸಿ_ಮಳೆ · ಶುಕ್ರವಾರ ಬೆಳಗ್ಗೆ

ಬೆಂಗಳೂರಲ್ಲಿರೋ ತಮ್ಮ ಬುಧವಾರ ಎಸ್ಪಿ ರೋಡಲ್ಲಿ ಡ್ರೈವ್ ತಗೊಂಡು ರಾತ್ರಿ ಬಸ್ಸಿಗೆ ತಾನೇ ಹತ್ತಿ ಬಂದ, ಕೊರಿಯರ್ ನಂಬಲ್ಲ ಅಂತ. ಗುರುವಾರ ಬೆಳಗ್ಗೆ ಶುರು ಮಾಡಿದ್ವಿ. ಸೆಕ್ಟರ್ ನಂಬರ್ ತಾಳೆ ಆಯ್ತು. ಅವನು ಸೀರಿಯಲ್ ನಂಬರ್ ಓದಿದ, ನಾನು ಪರದೆ ನೋಡಿದೆ, ಆಮೇಲೆ ಅದಲು ಬದಲು ಮಾಡಿ ಇನ್ನೊಂದ್ಸಲ ಓದಿದ್ವಿ, ಆಮೇಲೇ ಎಂಟರ್.

ಮೊದಲು ಸೆಕೆಂಡಿಗೆ 150 ಎಂಬಿ ಹೋಗ್ತಿತ್ತು, 61 ಪರ್ಸೆಂಟ್ ಹತ್ರ ಬಂದು ಕೆಬಿಗೆ ಇಳೀತು, ಎದೆ ಹಿಡ್ಕೊಂಡಂಗಾಯ್ತು, ಹತ್ತು ನಿಮಿಷಕ್ಕೆ ಆ ಜಾಗ ದಾಟಿ ಮತ್ತೆ ಓಡ್ತು. ಮಧ್ಯಾಹ್ನ ಎರಡು ಸಲ ಕರೆಂಟ್ ಹೋಯ್ತು, ಇನ್ವರ್ಟರಿಗೆ ಹಾಕಿದ್ರಿಂದ ನಿಲ್ಲಲಿಲ್ಲ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ರು, ಏನೂ ಕೇಳಲಿಲ್ಲ, ಊಟಕ್ಕೂ ಅಲ್ಲೇ ತಟ್ಟೆ ತರಿಸ್ಕೊಂಡ್ರು.

ಎರಡೂ ಸುತ್ತು ಮುಗಿಯೋವಾಗ ಇವತ್ತು ಬೆಳಗಿನ ಜಾವ ಮೂರೂವರೆ. ಪರದೇಲಿ ಬಂದಿದ್ದು: ರೆಸ್ಕ್ಯೂಡ್ 99.99 ಪರ್ಸೆಂಟ್, ಬ್ಯಾಡ್ ಏರಿಯಾ 36 ಕೆಬಿ.

ಹುಬ್ಬಳ್ಳಿ_ಸರ್ವರ್ · ಶುಕ್ರವಾರ ಬೆಳಗ್ಗೆ

36 ಕೆಬಿ! ಅಕ್ಕಾರ, ಇದು ಭಾಳ ದೊಡ್ಡ ಸುದ್ದಿ. ಅಸಲಿ 2ನೇದನ್ನ ಈಗ ಬಿಚ್ಚಿ ಇಡ್ರಿ.

ಇನ್ನ ಜೋಡಿಸೋ ಕೆಲಸ. 1, 2ರ ಪ್ರತಿ, 4. ನೇರ ಇವುಗಳ ಮ್ಯಾಲ ಕೈ ಆಡಿಸಬ್ಯಾಡ್ರಿ, ಓವರ್ ಲೇ ಹಾಕೋಣು. ಅಂದ್ರ ಪ್ರತಿ ಡ್ರೈವಿನ ಮ್ಯಾಲ ಒಂದು ತೆಳು ಹಾಳಿ ಹೊದಿಸಿದಂಗ: ಓದೋದು ಡ್ರೈವಿಂದ, ಬರಿಯೋದೇನಿದ್ರೂ ಹಾಳಿ ಮ್ಯಾಲ. ತಪ್ಪಾದ್ರ ಹಾಳಿ ಹರದು ಒಗದು ಮತ್ತ ಮೊದಲಿಂದ. ಡಿಎಂ ಸೆಟಪ್ ಸ್ನ್ಯಾಪ್ ಶಾಟ್ ಅಂತ ಲಿನಕ್ಸಿನ್ಯಾಗ ಐತಿ, ಹಾಳಿಯ ಫೈಲ್ ಇಡಾಕ ಒಂದು ಎಕ್ಸ್ ಟರ್ನಲ್ ಡ್ರೈವ್ ಸಾಕು. ಲಿನಕ್ಸ್ ರೇಡ್ ವಿಕಿಯೊಳಗ ಪೂರ್ತಿ ಸಾಲು ಅದಾವ, ನಿಮ್ಮ ಪಾರ್ಟಿಷನ್ ಹೆಸರು ಹಾಕಿ ನಿಮಗ ಮೆಸೇಜ್ ಮಾಡೀನಿ. ಆಮ್ಯಾಲ ಆ ಮೂರು ಓವರ್ ಲೇ ಹೆಸರು ಕೊಟ್ಟು ಅಸೆಂಬಲ್, ರನ್.

ಶಿರಸಿ_ಮಳೆ · ಶುಕ್ರವಾರ ಮಧ್ಯಾಹ್ನ

ಕೊಟ್ಟೆ. ಆಗಲಿಲ್ಲ. "ಕೆನಾಟ್ ಸ್ಟಾರ್ಟ್ ಡರ್ಟಿ ಡಿಗ್ರೇಡೆಡ್ ಅರೇ" ಅಂತ ಬರ್ತಿದೆ. ಇಷ್ಟು ದೂರ ಬಂದು ಇದೇನಾಯ್ತು. ಅಪ್ಪಂಗೆ ಹೇಳಿಲ್ಲ ಇನ್ನೂ.

ಹುಬ್ಬಳ್ಳಿ_ಸರ್ವರ್ · ಶುಕ್ರವಾರ ಮಧ್ಯಾಹ್ನ

ಹೆದರಬ್ಯಾಡ್ರಿ, ಇದು ಬರಬೇಕಾದದ್ದ. ಸಿಡಿಲು ಹೊಡದಾಗ ಬಾಕ್ಸ್ ಏನೋ ಬರಿಯಾಕ ಹತ್ತಿತ್ತು, ಅರ್ಧಕ್ಕ ನಿಂತೈತಿ, ಅದಕ ಡರ್ಟಿ. ಒಂದು ಡ್ರೈವ್ ಮೊದಲ ಇಲ್ಲ, ಅದಕ ಡಿಗ್ರೇಡೆಡ್. ಎರಡೂ ಕೂಡಿದಾಗ ಆ ಕಡೀ ಕ್ಷಣದಾಗ ಬರದ ಜಾಗಾದ ಲೆಕ್ಕ ತಪ್ಪಿರಬಹುದು ಅಂತ ಲಿನಕ್ಸ್ ಕೇಳದ ಎಬ್ಬಿಸಂಗಿಲ್ಲ. ಇಲ್ಲಿ ಫೋರ್ಸ್ ಕೊಡಬೇಕು. ಓವರ್ ಲೇ ಹಾಕಿದ್ದು ಇದಕ್ಕ, ಫೋರ್ಸ್ ಬರಿಯೋದು ಹಾಳಿ ಮ್ಯಾಲ ಹೋಗತೈತಿ, ಡ್ರೈವ್ ಮುಟ್ಟಂಗಿಲ್ಲ. ಸ್ಟಾಪ್ ಕೊಟ್ಟು, ಅಸೆಂಬಲ್ ಜೊತಿ ಫೋರ್ಸ್ ಕೊಡ್ರಿ. ಎದ್ದ ಮ್ಯಾಲ ವಿಜಿ ಚೇಂಜ್ ಕೊಟ್ಟು ಎಲ್ ವಿಎಂ (ರೇಡ್ ಮ್ಯಾಲ ಜಾಗಾ ಹಂಚೋ ಪದರ) ಎಬ್ಬಿಸ್ರಿ, ಆಮ್ಯಾಲ ರೀಡ್ ಓನ್ಲಿ ಮೌಂಟ್, ಅಂದ್ರ ಬರೇ ಓದಾಕ ತಗಿಯೋದು.

ಕರಾವಳಿ_ಕೇಬಲ್ · ಶುಕ್ರವಾರ ಸಂಜೆ

ಎಂತ ಆಯ್ತು ಮೇಡಂ? ನಾವೆಲ್ಲ ಇಲ್ಲಿ ಫೋನ್ ಹಿಡ್ಕೊಂಡೇ ಕೂತಿದ್ದೇವೆ.

ಶಿರಸಿ_ಮಳೆ · ಶುಕ್ರವಾರ ರಾತ್ರಿ

ಬಂತು. ಎಲ್ಲಾ ಬಂತು. ಫೋಲ್ಡರ್ ಹೆಸರು ಸಮೇತ, ನಾನು ವರ್ಷದ ಪ್ರಕಾರ ಇಟ್ಟಿದ್ದು ಹಾಗ್ಹಾಗೇ ಇದೆ.

ಮೌಂಟ್ ಆದ ಮೇಲೆ ಎಲ್ಲಕ್ಕಿಂತ ಮೊದಲು ಯಾವುದು ತೆಗೀಲಿ ಅಂತ ಅಪ್ಪನ್ನೇ ಕೇಳಿದೆ. ನಾವಡರದ್ದು ಹಾಕು ಅಂದ್ರು. ಡೆಸ್ಕ್ ಟಾಪಿಗೆ ಸ್ಪೀಕರ್ ಇರಲಿಲ್ಲ, ತಮ್ಮ ಇಯರ್ ಫೋನ್ ಒಂದು ಕಿವಿದು ಅಪ್ಪಂಗೆ ಕೊಟ್ಟು ಇನ್ನೊಂದು ತಾನಿಟ್ಕೊಂಡ. ಮೊದಲು ಕ್ಯಾಸೆಟ್ಟಿನ ಸುಯ್ ಅನ್ನೋ ಶಬ್ದ, ಯಾರೋ ಕೆಮ್ಮಿದ್ದು, ಆಮೇಲೆ ಚಂಡೆ. ಅಪ್ಪ ತೊಡೆ ಮೇಲೆ ತಾಳ ಹಾಕೋಕೆ ಶುರು ಮಾಡಿದ್ರು. ನಾನು ಎದ್ದು ಅಡುಗೆಮನೆಗೆ ಹೋಗಿ ಅತ್ತು ಬಂದೆ.

ಈಗ ಎರಡು ಹೊಸ ಎಕ್ಸ್ ಟರ್ನಲ್ ಡ್ರೈವಿಗೆ ಕಾಪಿ ಹೋಗ್ತಿದೆ, ಒಂದು ಇಲ್ಲಿರುತ್ತೆ, ಒಂದು ತಮ್ಮ ಬೆಂಗಳೂರಿಗೆ ಒಯ್ತಾನೆ. ಹುಬ್ಬಳ್ಳಿ ಅಣ್ಣ, ನಿಮ್ಮ ಋಣ ಹೇಗೆ ತೀರಿಸ್ಬೇಕೋ ಗೊತ್ತಿಲ್ಲ. ಮೈಸೂರಿನವರೇ, ನೀವು ನಿಮ್ಮ ಕಷ್ಟ ಬರೀದೇ ಇದ್ದಿದ್ರೆ ನಾನು ಮಂಗಳವಾರ ಬೆಳಗ್ಗೆ ಹೊಸ ಬಾಕ್ಸಿಗೆ ಆರ್ಡರ್ ಹಾಕ್ತಿದ್ದೆ, ಕಾರ್ಟಲ್ಲಿ ಇತ್ತು.

ಮೈಸೂರು_ಫೋಟೋ · ಶುಕ್ರವಾರ ರಾತ್ರಿ

ಓದಿ ಮನಸ್ಸು ಹಗುರಾಯ್ತು ಮೇಡಂ. ನನ್ನ ಡೇಟಾ ಬಂದಷ್ಟೇ ಖುಷಿ ಆಯ್ತು.

ಜಯನಗರ_4ನೇ_ಬ್ಲಾಕ್ · ಶನಿವಾರ

ಮೇಡಂ, ನಾನು ಹೇಳಿದ್ದು ಕೇಳಿದ್ರೆ ಅನಾಹುತ ಆಗ್ತಿತ್ತು, ತಪ್ಪಾಯ್ತು. ನನ್ನ ಬಾಕ್ಸಿಗೆ ಲಾಗಿನ್ ಆಗಿ ಈಗ ತಾನೇ ಸ್ಮಾರ್ಟ್ ನೋಡ್ದೆ, ಒಂದು ಡ್ರೈವಲ್ಲಿ 197ನೇ ಸಾಲು 8 ಇದೆ. ಇವತ್ತೇ ಬೇರೆ ಕಡೆ ಕಾಪಿ ಹಾಕ್ತಿದೀನಿ.

ಡಬ್ಲಿನ್_ಕನ್ನಡಿಗ · ಶನಿವಾರ

ಅಕ್ಕ, ಆ 36 ಕೆಬಿ ಎಲ್ಲಿ ಬಿದ್ದಿದೆ ನೋಡಿದ್ರಾ? 3ನೇ ಡ್ರೈವ್ ಇಲ್ಲದ್ದರಿಂದ ಅದರ ತುಂಡುಗಳನ್ನ ಉಳಿದ ಮೂರರಿಂದ ಲೆಕ್ಕ ಹಾಕಿ ತೆಗೀತಿದೆ, ಹಾಗಾಗಿ 2ರಲ್ಲಿ ಒಂದು ಜಾಗ ಹೋದ್ರೆ 3ರಲ್ಲಿ ಅದೇ ಸಾಲಿನ ಜಾಗವೂ ತಪ್ಪು ಬರುತ್ತೆ. ಅಂದ್ರೆ ಹಾಳಾಗಿರೋದು 72 ಕೆಬಿ ತನಕ ಇರಬಹುದು. ಅಡಿಯೋ ಫೈಲಾದ್ರೆ ಒಂದು ಕಡೆ ಚಟ್ ಅಂತ ಕೇಳಿಸುತ್ತೆ ಅಷ್ಟೇ.

ಶಿರಸಿ_ಮಳೆ · ಭಾನುವಾರ

ಸಿಕ್ತು. ತಾಳಮದ್ದಳೆ ಫೋಲ್ಡರಲ್ಲಿ ಒಂದು ಫೈಲು, 41ನೇ ನಿಮಿಷಕ್ಕೆ ಅರ್ಧ ಸೆಕೆಂಡು ಕರ್ ಅಂತ ಬಂದು ಒಂದು ಮಾತು ನುಂಗಿ ಹೋಗುತ್ತೆ. ಅಪ್ಪಂಗೆ ಕೇಳಿಸಿದೆ. ಎರಡು ಸಲ ಕೇಳಿ, ಆ ಕ್ಯಾಸೆಟ್ ಎಸೆದಿಲ್ಲ, ಅದರ ಮೇಲೆ ಹಸಿರು ಶಾಯಿಲಿ ಬರೆದಿದ್ದು ನೆನಪಿದೆ ಅಂದ್ರು. ತಮ್ಮ ಈಗ ಟಾರ್ಚ್ ಹಿಡ್ಕೊಂಡು ಅಟ್ಟ ಹತ್ತಿದಾನೆ, ಅಪ್ಪ ಕೆಳಗೆ ಏಣಿ ಹಿಡ್ಕೊಂಡು ಯಾವ ಪೆಟ್ಟಿಗೆ ಅಂತ ಹೇಳ್ತಿದಾರೆ.